1986ರ ಶಿಕ್ಷೆ, 1994ರ ಅರ್ಜಿ: ಶಿಕ್ಷೆ ಮುಗಿಸಿದವನಿಗೆ ಹೇಬಿಯಸ್ ಕಾರ್ಪಸ್ ಇದೆಯಾ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ, 1986. ಒಂದು ಗಲಾಟೆ. ಅದರಿಂದ ಒಬ್ಬನ ಮೇಲೆ ಮೂರು ಆರೋಪ: ಹಲ್ಲೆ, ಸಂಸ್ಥೆಯೊಂದರ ಆಸ್ತಿ ಹಾಳು ಮಾಡಿದ್ದು, ಬೇಕೆಂದೇ ನಷ್ಟ ಮಾಡಿದ್ದು. ತಪ್ಪಿತಸ್ಥ ಎಂದು ತೀರ್ಪಾಯಿತು. ಆರು ತಿಂಗಳಿಂದ ಒಂದು ವರ್ಷದವರೆಗಿನ ಎರಡು ಶಿಕ್ಷೆ, ಒಂದು ಮುಗಿದ ಮೇಲೆ ಇನ್ನೊಂದು. ಎಲ್ಲ ಸೇರಿ ಹೆಚ್ಚೆಂದರೆ ಎರಡು ವರ್ಷ.

ಇಷ್ಟು ಸಣ್ಣ ಕೇಸು 15 ವರ್ಷದ ನಂತರ, 2001ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಬಂದು ನಿಂತಿತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತೀರ್ಪು ಸಾರ್ವಜನಿಕ ದಾಖಲೆಯೇ. ಆದರೂ ಹೆಸರು ಬರೆಯುವುದಿಲ್ಲ, ಆತನನ್ನು ಅರ್ಜಿದಾರ ಎಂದೇ ಕರೆಯುತ್ತೇನೆ. ಇಲ್ಲಿ ಬರುವ ಬೇರೆ ಕೇಸುಗಳನ್ನೂ ವರ್ಷದಿಂದಲೇ ಗುರುತಿಸುತ್ತೇನೆ. ನನಗೆ ಮುಖ್ಯ ಆ ಮನುಷ್ಯರಲ್ಲ, ಅವರ ಕೈಯಲ್ಲಿದ್ದ ದಿನಗಳ ಲೆಕ್ಕ.

ಆ ರಿಟ್ ನಮ್ಮದೇ, ಬಳಕೆ ಬೇರೆ

ಹೇಬಿಯಸ್ ಕಾರ್ಪಸ್ ಅಂದರೆ ನಮ್ಮ ಕಡೆ ನೆನಪಾಗುವುದು ಕಾಣೆಯಾದವರು. ಮಗ ಎಲ್ಲಿದ್ದಾನೋ ಗೊತ್ತಿಲ್ಲ, ಪೊಲೀಸರು ಬಾಯಿ ಬಿಡುತ್ತಿಲ್ಲ, ಆಗ ತಂದೆ ಹೈಕೋರ್ಟಿಗೆ ಹೋಗಿ 'ಅವನನ್ನು ತಂದು ಮುಂದೆ ನಿಲ್ಲಿಸಿ' ಎಂದು ಕೇಳುತ್ತಾನೆ. 1975ರ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದ್ದೂ ಇದೇ ರಿಟ್ ಹಿಡಿದು. ಆದರೆ ವಿಚಾರಣೆ ನಡೆದು, ಸರಿಯಾದ ಕೋರ್ಟು ಶಿಕ್ಷೆ ಕೊಟ್ಟ ಮೇಲೆ ನಮ್ಮಲ್ಲಿ ಇರುವ ದಾರಿ ಅಪೀಲು. ಆ ತೀರ್ಪನ್ನು ಮತ್ತೆ ಕೆದಕಲು ಹೇಬಿಯಸ್ ಕಾರ್ಪಸ್ ಹಿಡಿದು ಹೊರಟರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಎರಡು ಸಾಲು ಕೋರ್ಟುಗಳಿವೆ, ರಾಜ್ಯದ್ದು ಒಂದು, ಫೆಡರಲ್ ಅಂದರೆ ಕೇಂದ್ರದ್ದು ಒಂದು. ರಾಜ್ಯದ ಕೋರ್ಟು ಶಿಕ್ಷೆ ಕೊಟ್ಟು, ಅಲ್ಲಿನ ಅಪೀಲುಗಳೆಲ್ಲ ಮುಗಿದ ಮೇಲೂ, 'ನನ್ನ ವಿಚಾರಣೆಯಲ್ಲಿ ದೇಶದ ಸಂವಿಧಾನವನ್ನೇ ಮೀರಿದ್ದಾರೆ' ಎಂದು ಫೆಡರಲ್ ಕೋರ್ಟಿಗೆ ಹೋಗಬಹುದು. ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ, ಈ ದಾರಿಯನ್ನು ಕಾನೂನು ಮಾಡಿ ತೆರೆದರು.

ದಾರಿ ಇದೆ, ಆದರೆ ಹೊಸ್ತಿಲಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ನೀನು ಈಗ ಯಾವ ತೀರ್ಪನ್ನು ಪ್ರಶ್ನಿಸುತ್ತಿದ್ದೀಯೋ, ಆ ತೀರ್ಪಿನ ಮೇರೆಗೇ ಕಸ್ಟಡಿಯಲ್ಲಿ ಇದ್ದೀಯಾ?

ಇದು ಕಾನೂನಿನಲ್ಲೇ ಬರೆದಿರುವ ಷರತ್ತು. ಇಲ್ಲ ಅಂತಾದರೆ ಕೋರ್ಟಿಗೆ ಅರ್ಜಿ ನೋಡುವ ಅಧಿಕಾರವೇ ಇಲ್ಲ. ಒಳಗಿನ ವಾದ ಎಷ್ಟು ಸತ್ಯವಾಗಿದ್ದರೂ ಅದನ್ನು ಓದುವ ಮೊದಲೇ ಫೈಲು ಮುಚ್ಚುತ್ತದೆ. ರಾಜ್ಯದ ಕೈದಿಗಳಿಗೆಂದೇ ಫೆಡರಲ್ ಕೋರ್ಟುಗಳು ಒಂದು ಅಚ್ಚು ಹಾಕಿದ ಫಾರಂ ಇಟ್ಟಿವೆ. ಅದರ ತಲೆಯಲ್ಲೇ ಅರ್ಜಿದಾರನ ಹೆಸರು, ಇರಿಸಿರುವ ಜೈಲು, ಕೈದಿ ನಂಬರು ಬರೆಯಲು ಜಾಗ. ಅದಾದ ಮೇಲೆ ಮೊದಲ ಪ್ರಶ್ನೆ: ನೀವು ಪ್ರಶ್ನಿಸುತ್ತಿರುವ ತೀರ್ಪು ಯಾವ ಕೋರ್ಟಿನದು? ಈ ಎರಡು ಜಾಗದಲ್ಲಿ ಬರೆದದ್ದು ಒಂದಕ್ಕೊಂದು ಕೂಡಿಕೊಳ್ಳಬೇಕು. ಈ ಲೇಖನದ ಕಥೆಯೆಲ್ಲ ಆ ಎರಡು ಖಾಲಿ ಗೆರೆಗಳ ನಡುವಿನದು.

ಅರ್ಜಿದಾರ ಮೊದಲು ಮಾಡಿದ್ದು

1986ರ ಶಿಕ್ಷೆ ಬಂದ ಮೇಲೆ ಅರ್ಜಿದಾರ ಸುಮ್ನೆ ಕೂರಲಿಲ್ಲ. ಶಿಕ್ಷೆಯಾದವರಿಗೆ ಪೆನ್ಸಿಲ್ವೇನಿಯಾದ ಕಾನೂನೇ ಕೊಟ್ಟಿದ್ದ ದಾರಿಯಲ್ಲಿ, ರಾಜ್ಯದ ಕೋರ್ಟಿಗೆ ಅರ್ಜಿ ಹಾಕಿದ. ತನ್ನ ವಕೀಲರು ಸರಿಯಾಗಿ ಕೇಸು ನಡೆಸಲಿಲ್ಲ, ಕರೆಸಬೇಕಾದ ಸಾಕ್ಷಿಗಳನ್ನು ಕರೆಸಲಿಲ್ಲ ಎಂಬುದು ದೂರು. ಇದು ಹುಸಿ ದೂರಲ್ಲ. ವಕೀಲರ ನೆರವು ಅಂದರೆ ಪಕ್ಕದಲ್ಲಿ ಒಬ್ಬರು ಕೋಟು ಹಾಕಿಕೊಂಡು ಕೂತರೆ ಸಾಲದು, ಕೆಲಸ ಮಾಡಬೇಕು ಎಂಬುದು ಅಲ್ಲಿ ಸಂವಿಧಾನದ ಮಟ್ಟದ ಹಕ್ಕು.

ಆ ಅರ್ಜಿಗೆ ಉತ್ತರ ಬರಲಿಲ್ಲ. ವಜಾ ಆಗಿದ್ದರೆ ಅದೂ ಒಂದು ಉತ್ತರವೇ. ಅದನ್ನು ಹಿಡಿದು ಮೇಲಿನ ಕೋರ್ಟಿಗೆ ಹೋಗಬಹುದಿತ್ತು. ಇಲ್ಲಿ ಅದೂ ಇಲ್ಲ, ಇದೂ ಇಲ್ಲ. ಅರ್ಜಿ ಕೋರ್ಟಿನಲ್ಲಿ ಹಾಗೇ ಉಳಿಯಿತು. ಅಷ್ಟರಲ್ಲಿ ಶಿಕ್ಷೆ ಮುಗಿದು ಆತ ಹೊರಬಂದ.

1990ರಲ್ಲಿ ಆತನ ಮೇಲೆ ಇನ್ನೊಂದು ಕೇಸಾಯಿತು. ಈ ಸಲ ಗಂಭೀರ ಹಲ್ಲೆ. ಶಿಕ್ಷೆ ವಿಧಿಸಿದ್ದು ಅಪೀಲಿನಲ್ಲಿ ರದ್ದಾಗಿ, ಕೆಳಗಿನ ಕೋರ್ಟು ಮತ್ತೊಮ್ಮೆ ಶಿಕ್ಷೆ ನಿಗದಿ ಮಾಡಿತು: 6ರಿಂದ 12 ವರ್ಷ. ಹಾಗೆ ನಿಗದಿ ಮಾಡುವಾಗ ನ್ಯಾಯಾಧೀಶರು ಆತನ ಹಳೆಯ ದಾಖಲೆ ನೋಡಿದರು. ದಾಖಲೆ ಚಿಕ್ಕದೇನಲ್ಲ, ಬಾಲಾಪರಾಧದಿಂದಲೇ ಶುರುವಾಗಿತ್ತು. ಅದರಲ್ಲಿ 1986ರ ಕೇಸೂ ಒಂದು.

ಈಗ ಸಮಸ್ಯೆ ನೋಡಿ. ಆತ ಜೈಲಿನಲ್ಲಿದ್ದಾನೆ, 1990ರ ತೀರ್ಪಿನ ಮೇರೆಗೆ. ಆತನ ದೂರಿರುವುದು 1986ರ ತೀರ್ಪಿನ ಮೇಲೆ. ಆ ಶಿಕ್ಷೆ ಮುಗಿದುಹೋಗಿದೆ. ಇರುವ ಜೈಲು ಒಂದು ತೀರ್ಪಿನದು, ಪ್ರಶ್ನೆ ಇನ್ನೊಂದು ತೀರ್ಪಿನದು. ಫಾರಂನ ಎರಡು ಗೆರೆ ಕೂಡುತ್ತಿಲ್ಲ.

ಕಸ್ಟಡಿ ಅಂದರೆ ಕಂಬಿಯೇ ಬೇಕಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಸ್ಟಡಿ ಎಂಬ ಪದವನ್ನು ಅಲ್ಲಿನ ಸುಪ್ರೀಂ ಕೋರ್ಟು 1960ರ ದಶಕದಿಂದ ಸಾಕಷ್ಟು ಹಿಗ್ಗಿಸಿದೆ. ಎಲ್ಲಿಯವರೆಗೆ ಹಿಗ್ಗಿತು, ಎಲ್ಲಿ ನಿಂತಿತು ಅನ್ನುವುದು ಗೊತ್ತಿಲ್ಲದಿದ್ದರೆ ಅರ್ಜಿದಾರನ ಮುಂದಿದ್ದ ಆಯ್ಕೆಗಳೂ ಅರ್ಥವಾಗುವುದಿಲ್ಲ.

1963ರ ಕೇಸು ವರ್ಜೀನಿಯಾದ್ದು. ಕೈದಿಯ ಅರ್ಜಿ ಮೇಲಿನ ಕೋರ್ಟಿನಲ್ಲಿ ಇರುವಾಗಲೇ ಆತನನ್ನು ಪೆರೋಲ್ ಮೇಲೆ ಬಿಟ್ಟರು. ಬಿಟ್ಟಾಯಿತಲ್ಲ, ಇನ್ನೆಲ್ಲಿಯ ಕಸ್ಟಡಿ ಎಂದಿತು ಸರ್ಕಾರ. ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಪೆರೋಲಿನ ಷರತ್ತುಗಳನ್ನು ಒಂದೊಂದಾಗಿ ನೋಡಿದರು. ಜಾರ್ಜಿಯಾದ ಒಂದು ಊರಿನಲ್ಲಿ, ಚಿಕ್ಕಪ್ಪ ಚಿಕ್ಕಮ್ಮನಂಥ ಹತ್ತಿರದ ನೆಂಟರ ಮನೆಯಲ್ಲೇ ಇರಬೇಕು. ಊರು ಬಿಡಲು ಅನುಮತಿ ಬೇಕು. ಮನೆ ಬದಲಿಸಲು ಅನುಮತಿ ಬೇಕು. ಕಾರು ಇಟ್ಟುಕೊಳ್ಳಲು, ಓಡಿಸಲು ಅನುಮತಿ ಬೇಕು. ತಿಂಗಳಿಗೊಮ್ಮೆ ಪೆರೋಲ್ ಅಧಿಕಾರಿಗೆ ಮುಖ ತೋರಿಸಬೇಕು, ಆತ ಯಾವಾಗ ಬೇಕಾದರೂ ಮನೆಗೆ ಬರಬಹುದು. ಬೇರೆಯವರಿಗಿಲ್ಲದ ಇಷ್ಟು ಕಟ್ಟುಪಾಡು ಇದ್ದರೆ ಅದು ಕಸ್ಟಡಿಯೇ ಎಂದು ತೀರ್ಪಾಯಿತು.

1973ರಲ್ಲಿ ಇನ್ನೂ ಒಂದು ಹೆಜ್ಜೆ. ಕ್ಯಾಲಿಫೋರ್ನಿಯಾದಲ್ಲಿ ಮಾನ್ಯತೆ ಇಲ್ಲದೆ ಪದವಿ ಕೊಡುತ್ತಿದ್ದ ಒಬ್ಬರಿಗೆ ಒಂದು ವರ್ಷ ಜೈಲು, 625 ಡಾಲರ್ ದಂಡ ಬಿದ್ದಿತ್ತು. ಆದರೆ ಆತ ಇನ್ನೂ ಒಳಗೆ ಹೋಗಿರಲಿಲ್ಲ, ಸ್ವಂತ ಮುಚ್ಚಳಿಕೆಯ ಮೇಲೆ ಹೊರಗಿದ್ದ. ಕರೆದಾಗ ಬರಬೇಕು ಅನ್ನುವ ಕಟ್ಟು ಮಾತ್ರ. ಅದೂ ಕಸ್ಟಡಿಯೇ ಎಂದರು. ನಂತರ ಕೆಳಗಿನ ಫೆಡರಲ್ ಕೋರ್ಟುಗಳು ಪ್ರೊಬೇಷನ್ನನ್ನೂ, ಅಂದರೆ ಜೈಲಿಗೆ ಹಾಕದೆ ಷರತ್ತಿನ ಮೇಲೆ ನಿಗಾದಲ್ಲಿ ಹೊರಗಿಡುವುದನ್ನೂ, ಇದರಲ್ಲಿ ಸೇರಿಸಿದವು. ಗಂಟೆಗಟ್ಟಲೆ ಸಮುದಾಯ ಸೇವೆ ಮಾಡು ಎಂಬ ಆದೇಶವೂ ಕಸ್ಟಡಿ ಎಂದು 1997ರಲ್ಲಿ ಮೂರನೇ ಸರ್ಕ್ಯೂಟ್ (ಪೆನ್ಸಿಲ್ವೇನಿಯಾವೂ ಸೇರುವ ಫೆಡರಲ್ ಮೇಲ್ಮನವಿ ಕೋರ್ಟು) ಹೇಳಿತು. ಬರೀ ದಂಡ ಕಟ್ಟು ಎಂದಿದ್ದರೆ ಅದು ಕಸ್ಟಡಿ ಅಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 1968ರ ನ್ಯೂಯಾರ್ಕ್ ಕೇಸು. ಆತ 1963ರಲ್ಲಿ, ಶಿಕ್ಷೆ ನಡೆಯುತ್ತಿರುವಾಗಲೇ, ಫೆಡರಲ್ ಕೋರ್ಟಿಗೆ ಅರ್ಜಿ ಹಾಕಿದ್ದ. ಕೇಸು ಎಳೆಯಿತು. 1967ರ ಮಾರ್ಚ್ 6ಕ್ಕೆ ಶಿಕ್ಷೆ ಪೂರ್ತಿ ಮುಗಿಯಿತು. ಸುಪ್ರೀಂ ಕೋರ್ಟಿಗೆ ಅರ್ಜಿ ತಲುಪಿದ್ದು ಅದಾಗಿ ಎರಡು ವಾರಕ್ಕೆ. ಹಿಂದಿನ 1960ರ ತೀರ್ಪಿನ ಪ್ರಕಾರ ಬಿಡುಗಡೆಯಾದರೆ ಕೇಸು ಸತ್ತ ಹಾಗೆ. ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದ ತೀರ್ಪು ಅದನ್ನು ರದ್ದು ಮಾಡಿತು. ಅರ್ಜಿ ಹಾಕಿದ ದಿನ ಕಸ್ಟಡಿಯಲ್ಲಿದ್ದರೆ ಸಾಕು, ನಂತರ ಬಿಡುಗಡೆಯಾದರೂ ಕೋರ್ಟಿನ ಅಧಿಕಾರ ಹೋಗುವುದಿಲ್ಲ. ಆತ ಕೆಲವು ವ್ಯಾಪಾರ ಮಾಡುವಂತಿಲ್ಲ, ಕೆಲ ಕಾಲ ಕಾರ್ಮಿಕ ಸಂಘದ ಪದಾಧಿಕಾರಿ ಆಗುವಂತಿಲ್ಲ, ನ್ಯೂಯಾರ್ಕಿನಲ್ಲಿ ವೋಟು ಹಾಕುವಂತಿಲ್ಲ, ಜ್ಯೂರಿಯಲ್ಲಿ ಕೂರುವಂತಿಲ್ಲ. ಇಷ್ಟು ಬಾಕಿ ಉಳಿದಿರುವಾಗ ಕೇಸು ಮುಗಿಯಿತು ಅನ್ನಲು ಬರುವುದಿಲ್ಲ ಎಂದರು.

ಹಾಗಾಗಿ ಅರ್ಜಿ ಹಾಕಿದ ತಾರೀಖೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಶಿಕ್ಷೆಯ ಕೊನೆಯ ದಿನಕ್ಕೆ ಒಂದು ದಿನ ಮೊದಲು ಹಾಕಿದರೂ ಒಳಗೆ, ಒಂದು ದಿನ ತಡವಾದರೆ ಹೊರಗೆ. ಅದೇ ವೋಟು ಹೋದ ನೋವು, ಅದೇ ಕೆಲಸ ಹೋದ ನೋವು ತಡವಾಗಿ ಬಂದವನಿಗೂ ಇರುತ್ತದೆ. ಆದರೆ ಆ ನೋವಿನ ಬಲದ ಮೇಲೆ ಹೊಸದಾಗಿ ಬಾಗಿಲು ತೆರೆಯುವುದಿಲ್ಲ.

1958 ಎಂದು ಬರೆದವನು

ಅರ್ಜಿದಾರನಿಗೆ ಸಿಕ್ಕ ಒಂದೇ ಒಂದು ಕಿಂಡಿ, ಇನ್ನೊಬ್ಬ ಕೈದಿ ಮಾಡಿಕೊಟ್ಟದ್ದು.

ಆತ ವಾಷಿಂಗ್ಟನ್ ರಾಜ್ಯದವನು. 1958ರಲ್ಲಿ ದರೋಡೆಗೆ 20 ವರ್ಷ ಶಿಕ್ಷೆಯಾಗಿತ್ತು. ಪೆರೋಲ್ ಮೇಲಿದ್ದಾಗ 1976ರಲ್ಲಿ ಮತ್ತೆ ಹಲ್ಲೆಯ ಕೇಸು, ಕೈದಿಯೊಬ್ಬನಿಗೆ ತಪ್ಪಿಸಿಕೊಳ್ಳಲು ನೆರವಾದ ಕೇಸು, ಜೊತೆಗೆ ಫೆಡರಲ್ ಕೇಸಿನಲ್ಲಿ 30 ವರ್ಷ. ರಾಜ್ಯದ ಕೋರ್ಟು 1978ರಲ್ಲಿ ಜೀವಾವಧಿ ಶಿಕ್ಷೆ ಕೊಡುವಾಗ 1958ರ ಹಳೆಯ ತೀರ್ಪನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಫೆಡರಲ್ ಶಿಕ್ಷೆ ಮುಗಿದ ಮೇಲೆ ಇದು ಶುರುವಾಗಬೇಕಿತ್ತು.

1985ರಲ್ಲಿ ಆತ ಕ್ಯಾಲಿಫೋರ್ನಿಯಾದ ಲೊಂಪಾಕ್ ಫೆಡರಲ್ ಜೈಲಿನಲ್ಲಿದ್ದ. ವಕೀಲರಿಲ್ಲದೆ ತಾನೇ ಅರ್ಜಿ ತುಂಬಿದ. ಯಾವ ತೀರ್ಪನ್ನು ಪ್ರಶ್ನಿಸುತ್ತಿದ್ದೀರಿ ಎಂಬಲ್ಲಿ 1958ರದ್ದನ್ನು ಬರೆದ. ಮನಸ್ಸಿನಲ್ಲಿ ನೋವಿದ್ದದ್ದು ಅಲ್ಲೇ, ವಿಚಾರಣೆ ಎದುರಿಸುವಷ್ಟು ಮಾನಸಿಕ ಸ್ಥಿಮಿತ ತನಗಿತ್ತೇ ಎಂದು ಅಂದು ಕೋರ್ಟು ಪರೀಕ್ಷಿಸಲಿಲ್ಲ ಎಂಬುದು ಆತನ ದೂರು. ಯಾರಾದರೂ ಅದನ್ನೇ ಬರೆಯುತ್ತಿದ್ದರು ಅಲ್ವಾ? ಆ ಒಂದು ಗೆರೆಯಿಂದ ಜಿಲ್ಲಾ ಕೋರ್ಟು ಅರ್ಜಿ ವಜಾ ಮಾಡಿತು: 1958ರ ಶಿಕ್ಷೆ ಮುಗಿದಿದೆ, ನೀನು ಅದರ ಕಸ್ಟಡಿಯಲ್ಲಿ ಇಲ್ಲ.

1989ರಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಮೊದಲನೆಯದು ಬಿಗಿ. ಶಿಕ್ಷೆ ಪೂರ್ತಿ ಮುಗಿದಿದ್ದರೆ, ಮುಂದೊಂದು ದಿನ ಅದು ಬೇರೆ ಶಿಕ್ಷೆಯನ್ನು ಜಾಸ್ತಿ ಮಾಡಬಹುದು ಎಂಬ ಕಾರಣಕ್ಕೆ ಕಸ್ಟಡಿ ಇದೆ ಅನ್ನಲಾಗದು. ಹಾಗೆಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಎರಡನೆಯದು ಮೆತ್ತಗೆ. ವಕೀಲರಿಲ್ಲದವನ ಅರ್ಜಿಯನ್ನು ಉದಾರವಾಗಿ ಓದಬೇಕು. ಇದನ್ನು '1958ರ ತೀರ್ಪಿನಿಂದ ಜಾಸ್ತಿಯಾದ 1978ರ ಶಿಕ್ಷೆ'ಯ ಮೇಲಿನ ದೂರು ಎಂದು ಓದಿದರೆ, ಆ ಶಿಕ್ಷೆ ಇನ್ನೂ ಬಾಕಿ ಇದೆ, ಕಸ್ಟಡಿ ಇದೆ. ಮುಂದೆ ಅನುಭವಿಸಬೇಕಾದ ಶಿಕ್ಷೆಯೂ ಲೆಕ್ಕಕ್ಕೆ ಬರುತ್ತದೆ ಎಂದು 1968ರಲ್ಲೇ ತೀರ್ಮಾನವಾಗಿತ್ತು.

ಹೀಗೆ ಅರ್ಜಿ ಬದುಕಿತು. ಆದರೆ ಕೋರ್ಟು ಒಂದು ಪ್ರಶ್ನೆಯನ್ನು ಬೇಕೆಂದೇ ತೆರೆದಿಟ್ಟಿತು. ಒಳಗೆ ಬಂದ ಮೇಲೆ, ಹೊಸ ಶಿಕ್ಷೆಯ ನೆಪದಲ್ಲಿ ಹಳೆಯ ತೀರ್ಪಿನ ತಪ್ಪನ್ನು ನಿಜಕ್ಕೂ ವಾದಿಸಬಹುದಾ? ಅದನ್ನು ಈಗ ಹೇಳುವುದಿಲ್ಲ ಎಂದರು. ಆ ಪ್ರಶ್ನೆಗೆ ಉತ್ತರ ಬರಲು 12 ವರ್ಷ ಬೇಕಾಯಿತು, ಉತ್ತರ ಬಂದದ್ದು ನಮ್ಮ ಅರ್ಜಿದಾರನ ಕೇಸಿನಲ್ಲಿ.

1994ರ ಅರ್ಜಿ

1994ರಲ್ಲಿ ಅರ್ಜಿದಾರ ಪೆನ್ಸಿಲ್ವೇನಿಯಾದ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋದ. 1989ರ ಕಿಂಡಿಯಿಂದಲೇ ಒಳಗೆ ಬಂದ. 1990ರ ಶಿಕ್ಷೆ ನಡೆಯುತ್ತಿದೆ, ಅದರ ಮೇಲೆ 1986ರ ನೆರಳಿದೆ, ಆದ್ದರಿಂದ ಕಸ್ಟಡಿ ಇದೆ ಎಂದು ಕೋರ್ಟು ಒಪ್ಪಿತು. ಕೊನೆಗೂ ಒಬ್ಬ ನ್ಯಾಯಾಧೀಶರು 1986ರ ದೂರನ್ನು ಕೇಳಿದರು. ವಕೀಲರ ಕೆಲಸ ಸರಿ ಇರಲಿಲ್ಲ, ನಿಜ, ಎಂದರು. ಆದರೆ ಅವರು ಸರಿಯಾಗಿ ಮಾಡಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ಅರ್ಜಿ ತಿರಸ್ಕರಿಸಿದರು.

ಮೂರನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು ಪೂರ್ಣ ಪೀಠದಲ್ಲಿ ಕೂತು 2000ರಲ್ಲಿ ಇದನ್ನು ತಿರುಗಿಸಿತು. ವಕೀಲರ ತಪ್ಪಿನಿಂದ ನಷ್ಟವಾಗಿದೆ. ಒಂದೋ 1986ರ ಕೇಸನ್ನು ಮತ್ತೆ ವಿಚಾರಣೆ ಮಾಡಿ, ಇಲ್ಲವೇ ಅದನ್ನು ಬದಿಗಿಟ್ಟು 1990ರ ಕೇಸಿಗೆ ಹೊಸದಾಗಿ ಶಿಕ್ಷೆ ನಿಗದಿ ಮಾಡಿ ಎಂದಿತು. ಉತ್ತರವಿಲ್ಲದೆ ಬಿದ್ದಿದ್ದ ಒಂದು ದೂರು, 1986ರ ತೀರ್ಪಾಗಿ 14 ವರ್ಷದ ನಂತರ, ನಿಜ ಎಂದು ಸಾಬೀತಾಗಿತ್ತು.

ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು.

ಒಳಗೆ ಬಿಟ್ಟು ಬಾಗಿಲು ಹಾಕಿದ್ದು

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಕಸ್ಟಡಿ ಪ್ರಶ್ನೆಯಲ್ಲಿ ಅರ್ಜಿದಾರ ಗೆದ್ದ. 1986ರ ತೀರ್ಪನ್ನು ಮಾತ್ರ ಪ್ರಶ್ನಿಸಿದ್ದರೆ ಆಗುತ್ತಿರಲಿಲ್ಲ, ಆದರೆ 1990ರ ಶಿಕ್ಷೆಯ ಮೇಲಿನ ದೂರು ಎಂದು ಓದಿದರೆ ಕಸ್ಟಡಿ ಇದೆ ಎಂದರು. ಆಮೇಲೆ ಮುಂದಿನ ಬಾಗಿಲು ಹಾಕಿದರು. ಹಳೆಯ ತೀರ್ಪನ್ನು ಪ್ರಶ್ನಿಸಲು ಇದ್ದ ದಾರಿಗಳನ್ನು ಬಳಸದೆ ಬಿಟ್ಟಿದ್ದರೂ ಸರಿ, ಬಳಸಿ ಸೋತಿದ್ದರೂ ಸರಿ, ಆ ಕಾಲ ಮುಗಿದ ಮೇಲೆ ಅದು ಸರಿಯಾದ ತೀರ್ಪು ಎಂದೇ ಲೆಕ್ಕ. ಹೊಸ ಶಿಕ್ಷೆಯ ಮೂಲಕ ಅದನ್ನು ಮತ್ತೆ ಎಳೆದು ತರುವಂತಿಲ್ಲ.

ಕೊಟ್ಟ ಕಾರಣ ಎರಡು. ತೀರ್ಪಿಗೆ ಒಂದು ಕೊನೆ ಇರಬೇಕು. ಮತ್ತೆ, ಕೋರ್ಟುಗಳು ಹಳೆಯ ಕಡತ ಹುಡುಕಿಕೊಂಡು ಅಲೆಯಬೇಕಾಗುತ್ತದೆ, ಎಷ್ಟೋ ಸಲ ಆ ಕಡತಗಳೇ ಇರುವುದಿಲ್ಲ. ಕಾಗದ ಒಂದು ಕಾಲಕ್ಕೆ ಸಿಗುವುದಿಲ್ಲ ಅನ್ನುವುದು ನಿಜವಾದ ಕಷ್ಟವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಒಂದು ವಿನಾಯಿತಿ ಉಳಿಸಿದರು: ಹಳೆಯ ಕೇಸಿನಲ್ಲಿ ಬಡವನಿಗೆ ಸರ್ಕಾರ ವಕೀಲರನ್ನೇ ಕೊಟ್ಟಿರದಿದ್ದರೆ ಆಗ ಕೇಳಬಹುದು. ವಕೀಲರಿದ್ದೂ ಕೆಲಸ ಮಾಡದಿದ್ದರೆ ಆ ವಿನಾಯಿತಿ ಇಲ್ಲ.

ಇನ್ನು ಅರ್ಜಿದಾರನ ನಿಜವಾದ ಸ್ಥಿತಿ, ಅಂದರೆ ಕೇಳಬೇಕಾದ ಕಡೆ ಕೇಳಿದ್ದಾನೆ, ಕೋರ್ಟೇ ಉತ್ತರ ಕೊಟ್ಟಿಲ್ಲ. ಇದನ್ನು ಓಕಾನರ್ ಕಾಣದೆ ಹೋಗಲಿಲ್ಲ. ಕಾರಣವಿಲ್ಲದೆ ರಾಜ್ಯದ ಕೋರ್ಟು ತೀರ್ಮಾನ ಕೊಡದೆ ಕೂತರೆ ಅದಕ್ಕೆ ಕೈದಿಯನ್ನು ದೂರಲಾಗದು, ಅಂಥವನಿಗೆ ಈ ಹೇಬಿಯಸ್ ಅರ್ಜಿಯೇ ಮೊದಲ ಮತ್ತು ಒಂದೇ ವೇದಿಕೆ ಆಗಬಹುದು ಎಂದು ಬರೆದರು. ಆ ಭಾಗಕ್ಕೆ ಸಹಿ ಹಾಕಿದ್ದು ಮೂವರು ಮಾತ್ರ, ಹಾಗಾಗಿ ಅದು ಬಹುಮತದ ಮಾತಾಗಲಿಲ್ಲ. ಮೇಲಾಗಿ ಅದನ್ನು ಈ ಕೇಸಿನಲ್ಲಿ ತೀರ್ಮಾನಿಸಬೇಕಿಲ್ಲ ಎಂದರು. ಕಾರಣ: ಮರುಶಿಕ್ಷೆ ನಿಗದಿಯ ವೇಳೆ 1986ರ ಕೇಸಿನ ಹೆಸರು ಬಂದು ಹೋಗಿದೆ ಅಷ್ಟೇ, ಅದರಿಂದ ಶಿಕ್ಷೆಯೇನೂ ಜಾಸ್ತಿಯಾಗಿಲ್ಲ. ಮೂರನೇ ಸರ್ಕ್ಯೂಟಿನ ಆದೇಶ ರದ್ದಾಯಿತು. ಡೇವಿಡ್ ಸೂಟರ್, ಜಾನ್ ಪಾಲ್ ಸ್ಟೀವನ್ಸ್, ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ಸ್ಟೀಫನ್ ಬ್ರೇಯರ್ ಒಪ್ಪಲಿಲ್ಲ.

ಪೆನ್ಸಿಲ್ವೇನಿಯಾ ಕೋರ್ಟಿನಲ್ಲಿ ಬಿದ್ದಿದ್ದ ಆ ಮೊದಲ ಅರ್ಜಿಗೆ ಆವರೆಗೂ ಉತ್ತರ ಬಂದಿರಲಿಲ್ಲ ಎಂದು ಸುಪ್ರೀಂ ಕೋರ್ಟಿನ ಈ ತೀರ್ಪಿನ ಸಾರಾಂಶದಲ್ಲೇ ಇದೆ.

ದಾರಿ ಎಲ್ಲಿ ಕವಲೊಡೆಯಿತು

ನನ್ನ ಲೆಕ್ಕದಲ್ಲಿ ಈ ಕೇಸು ಸೋತದ್ದು 2001ರಲ್ಲಿ ಅಲ್ಲ. 1986ರ ಶಿಕ್ಷೆಯ ಕೊನೆಯ ದಿನ ಯಾವತ್ತೋ, ಆ ದಿನ ಸೋತಿತು. ಆ ದಿನಕ್ಕೆ ಮೊದಲು ಫೆಡರಲ್ ಕೋರ್ಟಿನಲ್ಲಿ ಒಂದು ಅರ್ಜಿ ದಾಖಲಾಗಿದ್ದರೆ, 1968ರ ತೀರ್ಪು ಆತನ ಕೈ ಹಿಡಿಯುತ್ತಿತ್ತು.

ಆದರೆ ಹಾಕಲು ಸಾಧ್ಯವಿತ್ತಾ? ಇಲ್ಲೇ ಇಕ್ಕಟ್ಟು. ಫೆಡರಲ್ ಕೋರ್ಟಿಗೆ ಬರುವ ಮೊದಲು ರಾಜ್ಯದ ಕೋರ್ಟುಗಳ ದಾರಿ ಪೂರ್ತಿ ಮುಗಿಸಿ ಬರಬೇಕು ಎಂಬುದು ಇನ್ನೊಂದು ಷರತ್ತು. ಮುಗಿಸದ ದೂರು ಒಂದೇ ಒಂದು ಇದ್ದರೂ ಅರ್ಜಿ ವಾಪಸ್ ಎಂದು 1982ರಲ್ಲಿ ತೀರ್ಪಾಗಿತ್ತು. ಒಂದು ಕಡೆ 'ಮೊದಲು ಅಲ್ಲಿ ಮುಗಿಸಿ ಬಾ', ಇನ್ನೊಂದು ಕಡೆ 'ಶಿಕ್ಷೆ ಮುಗಿಯುವುದರೊಳಗೆ ಬಾ'. 20 ವರ್ಷದ ಶಿಕ್ಷೆಯವನಿಗೆ ಎರಡೂ ಆಗುತ್ತದೆ. ಎರಡು ವರ್ಷದವನಿಗೆ ಆಗುವುದು ಕಷ್ಟ. ತಪ್ಪು ಸಣ್ಣದಾದಷ್ಟೂ ಶಿಕ್ಷೆ ಸಣ್ಣದು, ಶಿಕ್ಷೆ ಸಣ್ಣದಾದಷ್ಟೂ ಅದನ್ನು ಪ್ರಶ್ನಿಸಲು ಸಿಗುವ ಕಾಲ ಸಣ್ಣದು. ಇದು ಅನ್ಯಾಯ ಎಂದು ನಾನು ನಂಬುತ್ತೇನೆ.

ಒಂದು ಸಣ್ಣ ದಾರಿ ಕಾನೂನಿನಲ್ಲೇ ಇದೆ. ರಾಜ್ಯದ ದಾರಿ ಕೆಲಸಕ್ಕೆ ಬಾರದ ಹಾಗೆ ಆಗಿದ್ದರೆ ಅದನ್ನು ಮುಗಿಸಲೇಬೇಕೆಂದಿಲ್ಲ. ವಿಪರೀತ ವಿಳಂಬವನ್ನು ಹೀಗೆ ವಾದಿಸಬಹುದು. 2005ರ ನಂತರ ಇನ್ನೊಂದು ಅನುಕೂಲ ಬಂದಿದೆ. ಸರಿಯಾದ ಕಾರಣ ತೋರಿಸಿದರೆ ಫೆಡರಲ್ ಕೋರ್ಟು ಅರ್ಜಿಯನ್ನು ವಾಪಸ್ ಕಳಿಸದೆ ತಡೆಹಿಡಿದು, ರಾಜ್ಯದಲ್ಲಿ ಮುಗಿಸಿ ಬರಲು ಬಿಡಬಹುದು. ತಾರೀಖು ಉಳಿಯುತ್ತದೆ. ಅರ್ಜಿದಾರನ ಕಾಲಕ್ಕೆ ಇದು ಇರಲಿಲ್ಲ. ಇವತ್ತು ಸಣ್ಣ ಶಿಕ್ಷೆಯವರ ವಕೀಲರು ಮೊದಲ ವಾರದಲ್ಲೇ ಯೋಚಿಸಬೇಕಾದದ್ದು ಇದನ್ನೇ. 1996ರ ಕಾನೂನು ಬೇರೆ ಒಂದು ವರ್ಷದ ಗಡುವು ಹಾಕಿದೆ, ಅದೂ ಜೊತೆಗೇ ಓಡುತ್ತಿರುತ್ತದೆ.

ಇದೇ ಹಳೆಯ ತೀರ್ಪು ಫೆಡರಲ್ ಕೋರ್ಟಿನದಾಗಿದ್ದರೆ ಕಥೆ ಬೇರೆ. 1954ರಲ್ಲಿ ಒಬ್ಬ, ತನ್ನ 19ನೇ ವಯಸ್ಸಿನಲ್ಲಿ ವಕೀಲರಿಲ್ಲದೆ ಫೆಡರಲ್ ಕೋರ್ಟಿನಲ್ಲಿ ಆದ, ಅನುಭವಿಸಿ ಮುಗಿಸಿದ್ದ ಶಿಕ್ಷೆಯನ್ನು ಕೋರಮ್ ನೋಬಿಸ್ ಎಂಬ ಹಳೆಯ ರಿಟ್ ಮೂಲಕ ಪ್ರಶ್ನಿಸಲು ಸುಪ್ರೀಂ ಕೋರ್ಟು ದಾರಿ ಕೊಟ್ಟಿತು. ಕಸ್ಟಡಿ ಬೇಕಿಲ್ಲ. ಆದರೆ ರಾಜ್ಯದ ತೀರ್ಪಿನ ಮೇಲೆ ಫೆಡರಲ್ ಕೋರ್ಟು ಆ ರಿಟ್ ಕೊಡುವುದಿಲ್ಲ.

ಅಲ್ಲಿರುವ ನಮ್ಮವರಿಗೆ

ಈ ಕೇಸನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಅಮೆರಿಕದಲ್ಲಿ ಎಚ್-1ಬಿ ಮೇಲೆ, ಗ್ರೀನ್ ಕಾರ್ಡ್ ಮೇಲೆ ಇರುವ ಕನ್ನಡಿಗರು ಬಹಳ. ಅಂಗಡಿಯಲ್ಲಿ ಏನೋ ಎತ್ತಿಕೊಂಡ ಆರೋಪ, ಗಂಡ ಹೆಂಡತಿ ಜಗಳದಲ್ಲಿ ಪೊಲೀಸರು ಬಂದದ್ದು, ಇಂಥ ಕೇಸುಗಳಲ್ಲಿ 'ಒಪ್ಪಿಕೊಂಡುಬಿಡಿ, ಜೈಲಿಲ್ಲ, ಇವತ್ತೇ ಮನೆಗೆ ಹೋಗಬಹುದು' ಎಂಬ ಸಲಹೆ ಬರುತ್ತದೆ. ದಂಡ ಕಟ್ಟಿ, ಅಥವಾ ವರ್ಷದ ಪ್ರೊಬೇಷನ್ ಮುಗಿಸಿ, ಮರೆತುಬಿಡುತ್ತಾರೆ. ವರ್ಷಗಳಾದ ಮೇಲೆ ಊರಿಗೆ ಬಂದು ವಾಪಸ್ ಹೋಗುವಾಗ ಏರ್‌ಪೋರ್ಟಿನಲ್ಲೋ, ಪೌರತ್ವಕ್ಕೆ ಅರ್ಜಿ ಹಾಕಿದಾಗಲೋ ಅದು ಎದ್ದು ಬರುತ್ತದೆ. ವಲಸೆ ಕಾನೂನಿನಲ್ಲಿ ಶಿಕ್ಷೆ ಅಮಾನತಾಗಿದ್ದರೂ ಅದನ್ನು ಶಿಕ್ಷೆ ಎಂದೇ ಎಣಿಸುತ್ತಾರೆ. ಕಳ್ಳತನದ ಕೇಸಿನಲ್ಲಿ ಒಂದು ವರ್ಷ ಎಂದು ಬರೆದು, ಒಂದು ದಿನವೂ ಒಳಗೆ ಹಾಕದಿದ್ದರೂ, ಗಡೀಪಾರಿಗೆ ಅದು ಸಾಕಾಗಬಹುದು.

ಒಪ್ಪಿಕೊಳ್ಳುವ ಮೊದಲು ಗಡೀಪಾರಿನ ಅಪಾಯವನ್ನು ವಕೀಲರು ತಿಳಿಸಲೇಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಕೇಸಿನವರು 40 ವರ್ಷದಿಂದ ಅಲ್ಲೇ ಕಾನೂನುಬದ್ಧವಾಗಿ ನೆಲೆಸಿದ್ದವರು, ವಕೀಲರು 'ಇಷ್ಟು ವರ್ಷ ಇದ್ದೀರಲ್ಲ, ಚಿಂತೆ ಬೇಡ' ಎಂದಿದ್ದರು. ಆದರೆ ಅದಕ್ಕೂ ಮೊದಲೇ ಅಂತಿಮವಾಗಿದ್ದ ಕೇಸುಗಳಿಗೆ ಈ ನಿಯಮ ಅನ್ವಯಿಸದು ಎಂದು 2013ರಲ್ಲಿ ತೀರ್ಪಾಯಿತು. ಅನ್ವಯಿಸುವವರಿಗೂ ಪ್ರೊಬೇಷನ್ ಮುಗಿದಿದ್ದರೆ ಫೆಡರಲ್ ಹೇಬಿಯಸ್ ಬಾಗಿಲು ಮುಚ್ಚಿದೆ. ವಲಸೆ ಇಲಾಖೆಯವರು ಹಿಡಿದು ಇಟ್ಟಿದ್ದರೂ ಅದು ಹಳೆಯ ರಾಜ್ಯದ ತೀರ್ಪಿನ ಕಸ್ಟಡಿ ಅಲ್ಲ ಎಂದು ಒಂಬತ್ತನೇ ಸರ್ಕ್ಯೂಟ್ 2005ರಲ್ಲಿ, ಎರಡನೇ ಸರ್ಕ್ಯೂಟ್ 2008ರಲ್ಲಿ ಹೇಳಿವೆ. ರಾಜ್ಯದ ಹಳೆಯ ತೀರ್ಪು ಹೊಸ ಫೆಡರಲ್ ಕೇಸಿಗೆ ಆಧಾರವಾಗಿದ್ದರೂ ಅಷ್ಟೇ, ಅದರಿಂದ ಹಳೆಯದರ ಕಸ್ಟಡಿ ಹುಟ್ಟುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಹಾಗಾಗಿ ಶಿಕ್ಷೆ ಮುಗಿದವರು ನೋಡಬೇಕಾದದ್ದು ರಾಜ್ಯದ ಕಾನೂನನ್ನು. ಕ್ಯಾಲಿಫೋರ್ನಿಯಾದಲ್ಲಿ 2017ರ ಜನವರಿ 1ರಿಂದ ಇರುವ ಒಂದು ಕಲಮು, ದಂಡಸಂಹಿತೆಯ 1473.7, ಕಸ್ಟಡಿಯಿಂದ ಹೊರಬಂದವರಿಗೆಂದೇ ಮಾಡಿದ್ದು. ವಲಸೆಯ ಪರಿಣಾಮ ಗೊತ್ತಿಲ್ಲದೆ ಒಪ್ಪಿಕೊಂಡಿದ್ದರೆ ತೀರ್ಪನ್ನು ರದ್ದು ಮಾಡಲು ಕೇಳಬಹುದು. ನ್ಯೂಯಾರ್ಕಿನಲ್ಲಿ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 440.10ನೇ ಕಲಮಿನ ಅರ್ಜಿಗೆ ಕಸ್ಟಡಿ ಬೇಕಿಲ್ಲ, ತೀರ್ಪಿನ ನಂತರ ಯಾವಾಗ ಬೇಕಾದರೂ ಹಾಕಬಹುದು. ಬೇರೆ ರಾಜ್ಯಗಳಲ್ಲಿ ಇಷ್ಟು ಉದಾರವಿಲ್ಲದಿರಬಹುದು, ಅಲ್ಲಿನ ವಕೀಲರನ್ನೇ ಕೇಳಬೇಕು. ಕೇಳುವಾಗ ಪ್ರೊಬೇಷನ್ ಮುಗಿಯುವ ತಾರೀಖು ಇನ್ನೂ ಮುಂದಿದ್ದರೆ ಅದನ್ನು ಮೊದಲ ಮಾತಾಗಿ ಹೇಳಿ, ಏಕೆಂದರೆ ಆಗ ಎರಡು ದಾರಿ ಇವೆ, ರಾಜ್ಯದ್ದೂ ಫೆಡರಲ್ ಹೇಬಿಯಸ್ಸೂ. ಮತ್ತೆ, ಒಪ್ಪಿಕೊಂಡ ದಿನ ಕೋರ್ಟಿನಲ್ಲಿ ಆಡಿದ ಮಾತಿನ ಟ್ರಾನ್ಸ್‌ಕ್ರಿಪ್ಟ್ ಮತ್ತು ವಕೀಲರ ಜೊತೆಗಿನ ಪತ್ರ, ಈಮೇಲ್‌ಗಳನ್ನು ಈಗಲೇ ತೆಗೆಸಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆ ದಿನ ವಕೀಲರು ಏನು ಹೇಳಿದರು, ಏನು ಹೇಳಲಿಲ್ಲ ಎಂಬುದಕ್ಕೆ ಆಮೇಲೆ ಬೇರೆ ಸಾಕ್ಷಿ ಸಿಗುವುದಿಲ್ಲ.